ಮೊದಲ ಹಳೇ ಗಾರ್ಡನ್ ಟ್ರಾಕ್ಟರ್ ಮನೆಗೆ ಬಂತು, ಎಂಜಿನ್ ಜಾಮ್ ಆಗಿದೆ. ಮೊದಲು ಏನು ಮಾಡಲಿ?

ಹೊಸಬ_122
ಎಲ್ಲರಿಗೂ ನಮಸ್ಕಾರ. ಮೂರು ವರ್ಷದಿಂದ ಬೇರೆಯವರ ಟ್ರಾಕ್ಟರ್ ಫೋಟೋ ನೋಡಿ ಹೊಟ್ಟೆ ಉರಿದುಕೊಳ್ಳುತ್ತಿದ್ದವನು ನಾನು. ಕೊನೆಗೂ ನನ್ನದೂ ಒಂದು ಬಂತು. ಕಬ್ ಕೆಡೆಟ್, ಅಮೆರಿಕದ ಹಳೇ ಸಣ್ಣ ಟ್ರಾಕ್ಟರ್. ಬಾನೆಟ್ ಪಕ್ಕದಲ್ಲಿ 122 ಅಂತ ಇದೆ. ಎಷ್ಟೋ ವರ್ಷ ಮರದ ಕೆಳಗೆ ಟಾರ್ಪಾಲು ಹೊದ್ದುಕೊಂಡು ನಿಂತಿದ್ದ ಗಾಡಿ. "ನಿಲ್ಲಿಸುವಾಗ ಚೆನ್ನಾಗಿಯೇ ಓಡುತ್ತಿತ್ತು" ಅಂದರು ಮಾರಿದವರು.

ಈಗ ಮೂರು ತಲೆನೋವು. ಒಂದು, ಎಂಜಿನ್ ತಿರುಗುತ್ತಿಲ್ಲ. ಪುಲ್ಲಿ ಹಿಡಿದು ಎಷ್ಟು ಒದ್ದಾಡಿದರೂ ಕೂದಲೆಳೆಯಷ್ಟೂ ಅಲ್ಲಾಡಲಿಲ್ಲ. ಎರಡು, 122 ಅಂದರೆ 12 ಎಚ್‌ಪಿ, ಕೊಹ್ಲರ್ ಕೆ301 ಎಂಜಿನ್ ಇರಬೇಕು ಅಂತ ಓದಿದ್ದೆ. ಇದರ ಫ್ಯಾನ್ ಕವರ್ ಮೇಲಿನ ಲೇಬಲ್ಲಿನಲ್ಲಿ ಕೆ241 ಅಂತಿದೆ. ಅದು 10 ಎಚ್‌ಪಿ. ನಾನು ಟೋಪಿ ಹಾಕಿಸಿಕೊಂಡೆನಾ? ಮೂರು, ಹಳದಿ ಮತ್ತು ಬಿಳಿ ಬಣ್ಣ ಆಗಲೇ ತಂದಿಟ್ಟಿದ್ದೇನೆ. ನಿನ್ನೆ ಬಾನೆಟ್, ಮಡ್‌ಗಾರ್ಡ್, ಸೀಟು ಬಿಚ್ಚಿದೆ. ನಟ್ ಬೋಲ್ಟ್ ಎಲ್ಲ ಒಂದು ಬಕೆಟ್ಟಿಗೆ ಹಾಕಿದ್ದೇನೆ. ಭಾನುವಾರ ಎಮರಿ ಪೇಪರ್ ಹಿಡಿದು ಕೂರೋಣ ಅಂತ. ಸರಿ ಇದೆಯಾ?

ತುಕ್ಕುರಾಯ
ಎಮರಿ ಪೇಪರ್ ಕೆಳಗಿಡಿ. ಬಕೆಟ್ ಕೂಡ ಕೆಳಗಿಡಿ.

ಗೇರ್_ಅಕ್ಕ
"ನಿಲ್ಲಿಸುವಾಗ ಓಡುತ್ತಿತ್ತು!" ನಿಲ್ಲಿಸುವ ತನಕ ಎಲ್ಲ ಗಾಡಿಯೂ ಓಡುತ್ತಲೇ ಇರುತ್ತೆ ತಮ್ಮ. ಯಾಕೆ ನಿಲ್ಲಿಸಿದರು ಅಂತ ಕೇಳಬೇಕಿತ್ತು.

ಪಾನಾಪೆಟ್ಟಿಗೆ
ಒಂದೇ ಬಕೆಟ್ಟಾ? ಎಲ್ಲಾನೂ? ಯಾವ ಬೋಲ್ಟ್ ಎಲ್ಲಿಯದು ಅಂತ ಫೋಟೋನಾದರೂ ತೆಗೆದಿದ್ದೀರಾ?

ಹೊಸಬ_122
@ಪಾನಾಪೆಟ್ಟಿಗೆ ಬಿಚ್ಚಿದ ಮೇಲೆ ಒಂದು ತೆಗೆದೆ. ಬಕೆಟ್ಟಿನ ಫೋಟೋ.

ಕೆಂಪುಕುದುರೆ
😂😂 ಇವತ್ತಿನ ಮಟ್ಟಿಗೆ ಇಷ್ಟು ಸಾಕು ನನಗೆ.

ಹಳದಿಬಿಳಿ
ನಗಬೇಡಿ, ಎಲ್ಲರೂ ಹಾಗೇ ಶುರು ಮಾಡಿದ್ದು. ಮೊದಲು ಎರಡನೇ ಪ್ರಶ್ನೆ ತೆಗೆದುಕೊಳ್ಳೋಣ, ಅದು ಸ್ವಾರಸ್ಯವಾಗಿದೆ.

ಇಂಟರ್‌ನ್ಯಾಷನಲ್ ಹಾರ್ವೆಸ್ಟರ್‌ನವರು ಕಬ್ ಕೆಡೆಟ್ ಅಂತ ಹೊರಗೆ ಬಿಟ್ಟಿದ್ದು 1961ರಲ್ಲಿ. ಆಗ 7 ಎಚ್‌ಪಿ ಎಂಜಿನ್. ಅವರದೇ ದೊಡ್ಡ ಟ್ರಾಕ್ಟರ್ ಫಾರ್ಮಾಲ್ ಕಬ್ ತಯಾರಾಗುತ್ತಿದ್ದ ಅಮೆರಿಕದ ಲೂಯಿವಿಲ್ ಕಾರ್ಖಾನೆಯಲ್ಲೇ ಇದೂ ತಯಾರಾಗಿದ್ದು. ಗೇರ್‌ಬಾಕ್ಸ್ ಕೂಡ ಆ ಫಾರ್ಮಾಲ್ ಕಬ್‌ನದೇ ವಂಶ. ಅದಕ್ಕೇ ಹಿಂಭಾಗ ಎತ್ತಲು ಹೋದರೆ ಸೊಂಟ ಹಿಡಿಯುವುದು. 1963ರಲ್ಲಿ 70 ಮತ್ತು 100 ಬಂದವು. 1965ರಲ್ಲಿ 102 ಮತ್ತು 122. ಆಮೇಲೆ ಹೈಡ್ರೋಸ್ಟಾಟಿಕ್ (ಗೇರ್ ಬದಲು ಎಣ್ಣೆಯ ಒತ್ತಡದಿಂದ ಓಡುವ ಏರ್ಪಾಡು) ಇರುವ 123. 102ರಲ್ಲಿ ಕೆ241, 122ರಲ್ಲಿ ಕೆ301. ಗಾಡಿಯ ಉಳಿದ ಭಾಗ ಹೆಚ್ಚುಕಮ್ಮಿ ಒಂದೇ. ಅಂದರೆ 102ರ ಮೇಲೆ 122ರ ಬಾನೆಟ್ ಕೂರಿಸಿದರೆ ಯಾರಿಗೂ ಗೊತ್ತಾಗಲ್ಲ. ನಿಮ್ಮದು ಅದೇ ಇರಬಹುದು. ಇಲ್ಲವೇ ಮೂಲ ಎಂಜಿನ್ ಹೋಗಿ ಯಾರೋ 10 ಎಚ್‌ಪಿ ಹಾಕಿರಬಹುದು.

ಗೇರ್_ಅಕ್ಕ
ಇಲ್ಲವೇ ಬರೀ ಫ್ಯಾನ್ ಕವರ್ ಬದಲಾಗಿರಬಹುದು! ಕೊಹ್ಲರ್ ಕೆ ಸರಣಿಯಲ್ಲಿ ಲೇಬಲ್ ಇರುವುದು ಆ ತಗಡಿನ ಮೇಲೆ, ಬ್ಲಾಕ್ ಮೇಲಲ್ಲ. ತಗಡು ಸೊಟ್ಟಗಾದರೆ ಇನ್ನೊಂದು ಎಂಜಿನ್ನಿಂದ ಕಿತ್ತು ಹಾಕಿಬಿಡುತ್ತಾರೆ. ಅರವತ್ತು ವರ್ಷದ ಎಂಜಿನ್ನಿನ ಲೇಬಲ್ ನಂಬುವುದು, ಬಾಡಿಗೆ ಮನೆ ಬಾಗಿಲಲ್ಲಿರುವ ಹೆಸರನ್ನು ನಂಬಿದ ಹಾಗೆ. ಒಳಗೆ ಯಾರಿದ್ದಾರೋ!

ಹೆಡ್ ತೆಗೆದು ಅಳೆಯಿರಿ. ಕೆ241ರ ಬೋರ್ (ಸಿಲಿಂಡರಿನ ಅಗಲ) 3.25 ಇಂಚು, ಸ್ಟ್ರೋಕ್ (ಪಿಸ್ಟನ್ ಓಡಾಡುವ ದೂರ) 2.875. ಕೆ301ರ ಬೋರ್ 3.375, ಸ್ಟ್ರೋಕ್ 3.25. ಬೋರ್ ಒಂದನ್ನೇ ಅಳೆದರೆ ಸಾಲದು, ಸಿಲಿಂಡರ್ ಕೊರೆದು ಅಗಲ ಮಾಡಿ ರೀಬೋರ್ ಆಗಿದ್ದರೆ ಲೆಕ್ಕ ತಪ್ಪುತ್ತೆ. ಸ್ಟ್ರೋಕ್ ಸುಳ್ಳು ಹೇಳಲ್ಲ. ಪಿಸ್ಟನ್ ಮೇಲಿನ ತುದಿಯಿಂದ ಕೆಳಗಿನ ತುದಿಗೆ 73 ಮಿ.ಮೀ. ಇಳಿದರೆ 10 ಎಚ್‌ಪಿ, 82.5 ಇಳಿದರೆ 12.

ಹೊಸಬ_122
ಪಿಸ್ಟನ್ ಇಳಿಯುತ್ತಲೇ ಇಲ್ವಲ್ಲ ಅಕ್ಕ 😩

ಗೇರ್_ಅಕ್ಕ
ಇಳಿಸೋಣ ಬಿಡಿ. ಇದು ಫ್ಲಾಟ್‌ಹೆಡ್. ವಾಲ್ವ್ ಎರಡೂ ಬ್ಲಾಕಿನಲ್ಲೇ ಇರುತ್ತವೆ. ಹೆಡ್ ಅಂದರೆ ಬರೀ ಮುಚ್ಚಳ. ಬಿಚ್ಚುವುದು ಸುಲಭ, ಒಳಗೆ ನೋಡುವುದೂ ಸುಲಭ. ಎಂಜಿನ್ ನಿಂತಾಗ ಯಾವುದಾದರೂ ವಾಲ್ವ್ ತೆರೆದೇ ನಿಂತಿದ್ದರೆ ಅದರಿಂದ ತೇವ ಸಿಲಿಂಡರ್ ಒಳಗೆ ಹೋಗಿ ರಿಂಗ್ ಗೋಡೆಗೆ ಕಚ್ಚಿಕೊಂಡಿರುತ್ತೆ. ಬಹುತೇಕ ಜಾಮ್ ಕಥೆ ಇಷ್ಟೇ.

ಹೆಡ್ ತೆಗೆದು ಪಿಸ್ಟನ್ ಸುತ್ತ ಎಟಿಎಫ್ (ಆಟೋಮ್ಯಾಟಿಕ್ ಗೇರ್‌ಬಾಕ್ಸಿನ ಎಣ್ಣೆ) ಮತ್ತು ಅಸಿಟೋನ್ ಅರ್ಧಕ್ಕರ್ಧ ಬೆರೆಸಿ ಸುರಿಯಿರಿ. ಅಸಿಟೋನ್ ಬೇಗ ಹಾರಿಹೋಗುತ್ತೆ, ದಿನಾ ಸ್ವಲ್ಪ ಸ್ವಲ್ಪ ಹಾಕುತ್ತಿರಿ. ಹತ್ತಿರ ಬೆಂಕಿ, ಕಿಡಿ ಏನೂ ಬೇಡ. ನಾಲ್ಕೈದು ದಿನ ನೆನೆಯಲಿ. ಆಮೇಲೆ ಕ್ರ್ಯಾಂಕ್ ತುದಿಯ ಬೋಲ್ಟಿಗೆ ಉದ್ದ ಹಿಡಿಯ ಪಾನಾ ಹಾಕಿ ಮೆಲ್ಲಗೆ ಆ ಕಡೆ ಈ ಕಡೆ ಆಡಿಸಿ. ಫ್ಲೈವೀಲಿನ ರೆಕ್ಕೆಗೆ ಸನ್ನೆಕೋಲು ಕೊಟ್ಟು ಎತ್ತಬೇಡಿ, ಮುರಿಯುತ್ತೆ. ಪಿಸ್ಟನ್ ನಡುಮಧ್ಯೆ ಸುತ್ತಿಗೆ ಬಾರಿಸಬೇಡಿ, ತೂತಾಗುತ್ತೆ. ತಟ್ಟಲೇಬೇಕು ಅಂದರೆ ಬೋರಿನಷ್ಟೇ ಅಗಲದ ಮರದ ತುಂಡು ಇಟ್ಟು ತಟ್ಟಿ.

ಸುಮ್ನೆ_ಓದುವವ
ಹೆಡ್ ಯಾಕೆ ಬಿಚ್ಚಬೇಕು? ಪ್ಲಗ್ ತೂತಿನಲ್ಲೇ ಸುರಿದರೆ ಆಗಲ್ವಾ?

ತುಕ್ಕುರಾಯ
ಆಗುತ್ತೆ. ಆದರೆ ಕುರುಡಾಗಿ ಕೆಲಸ ಮಾಡಿದ ಹಾಗೆ. ಇಲಿ ಗೂಡು ಕಟ್ಟಿದೆಯಾ, ನೀರು ನಿಂತಿದೆಯಾ ಅಂತ ಹೇಗೆ ಗೊತ್ತಾಗುತ್ತೆ? ಗ್ಯಾಸ್ಕೆಟ್ ಹೇಗೂ ಹೊಸದು ಬೇಕು. ಹೆಡ್ ಬೋಲ್ಟ್ ಮಾತ್ರ ಜೋಪಾನ. ಒಣ ಬೋಲ್ಟಿಗೆ ಜೋರು ಮಾಡಿದರೆ ತುಂಡಾಗಿ ಬ್ಲಾಕಿನೊಳಗೇ ಉಳಿಯುತ್ತೆ. ಬಿಸಿ ಮಾಡಿ, ಎಣ್ಣೆ ಹಾಕಿ, ತಣಿಯಲಿ ಬಿಡಿ, ಮತ್ತೆ ಬಿಸಿ ಮಾಡಿ. ಬಿಚ್ಚುವ ಮೊದಲು ಸ್ವಲ್ಪ ಬಿಗಿ ಮಾಡಿ ನೋಡಿ. "ಟಿಕ್" ಅಂದರೆ ತುಕ್ಕು ಬಿಟ್ಟಿತು ಅಂತ.

ಇನ್ನೊಂದು. ಈ ಗಾಡಿಯಲ್ಲಿ ಎಲ್ಲ ಇಂಚಿನ ಬೋಲ್ಟು. ಮಿಲಿಮೀಟರ್ ಪಾನಾ ಹಾಕಿ ಮೂಲೆ ಸವೆಸಬೇಡಿ.

ಕೆಂಪುಕುದುರೆ
ಇಷ್ಟೆಲ್ಲ ಯಾಕೆ? ಹೊಸಬರಿಗೆ ನಾನು ಹೇಳುವುದು ಒಂದೇ: ಕೆಂಪು ಬಣ್ಣದ ವ್ಹೀಲ್ ಹಾರ್ಸ್ ತೆಗೆದುಕೊಳ್ಳಿ. 1946ರಲ್ಲಿ ಎಲ್ಮರ್ ಪಾಂಡ್ ಅಮೆರಿಕದ ಸೌತ್ ಬೆಂಡ್ ಊರಿನಲ್ಲಿ ಶುರು ಮಾಡಿದ್ದು. ಆಮೇಲೆ 1974ರಲ್ಲಿ ಕಾರು ಕಂಪನಿ ಎಎಂಸಿ ಕೈಗೆ, 1986ರಲ್ಲಿ ಟೋರೋ ಕೈಗೆ ಹೋಯಿತು. ಒಂದು ಬೆಲ್ಟು, ಒಂದು ಎರಕದ ಗೇರ್‌ಬಾಕ್ಸ್, ಅಷ್ಟೇ. ಬೆಲ್ಟ್ ಸಡಿಲ ಆದರೆ ಅದೇ ಕ್ಲಚ್. ಮಕ್ಕಳೂ ರಿಪೇರಿ ಮಾಡಬಹುದು.

ಹಳದಿಬಿಳಿ
ಹೌದು, ಮತ್ತೆ ಮಕ್ಕಳು ಬೆಲ್ಟ್ ಬದಲಿಸುತ್ತಲೇ ಇರಬೇಕು. ಕಬ್‌ನಲ್ಲಿ ಎಂಜಿನ್ನಿಂದ ಗೇರ್‌ಬಾಕ್ಸಿಗೆ ನೇರ ಶಾಫ್ಟು. ಜಾರುವ ಮಾತೇ ಇಲ್ಲ.

ಕೆಂಪುಕುದುರೆ
ಆ ಶಾಫ್ಟಿನ ಪಿನ್ನು ಸವೆದು ತೂತು ಮೊಟ್ಟೆಯಾಕಾರ ಆಗುತ್ತಲ್ಲ, ಅದನ್ನೂ ಹೇಳಿ. ಕ್ಲಚ್ ಬಿಚ್ಚಲು ಅರ್ಧ ಗಾಡಿ ಇಳಿಸಬೇಕು ಅಂತಲೂ ಹೇಳಿ.

ಹಳದಿಬಿಳಿ
ಅದು ಹೇಳಲೇಬೇಕಾದ ಮಾತೇ. @ಹೊಸಬ_122 ಶಾಫ್ಟ್ ಹಿಡಿದು ಅಲ್ಲಾಡಿಸಿ ನೋಡಿ. ಲಟಲಟ ಅಂದರೆ ಪಿನ್ ಬದಲಿಸಿ. ಮುಂದಿನ ಆಕ್ಸಲ್ ನಡುವಿನ ಪಿನ್ ಮತ್ತು ಸ್ಟೀರಿಂಗ್ ಆಟ ಕೂಡ ನೋಡಿ. ಸ್ಟೀರಿಂಗ್ ಕಾಲು ಸುತ್ತು ತಿರುಗಿಸಿದ ಮೇಲೆ ಚಕ್ರ ಎಚ್ಚರ ಆಗುವ ಗಾಡಿಗಳೇ ಜಾಸ್ತಿ.

ಪಾನಾಪೆಟ್ಟಿಗೆ
ಹಳದಿ ಕೆಂಪು ಜಗಳ ಆಮೇಲೆ ಮಾಡಿಕೊಳ್ಳಿ. ಹೊಸಬರಿಗೆ ಉಪಯೋಗಕ್ಕೆ ಬರುವ ಮಾತು ಅಂದರೆ, ಎರಡರಲ್ಲೂ ಅದೇ ಕೊಹ್ಲರ್ ಎಂಜಿನ್ ಸಿಗುತ್ತೆ. 1963ರಲ್ಲಿ ಬಂದ ಜಾನ್ ಡೀರ್ 110ರಲ್ಲೂ ಕೊಹ್ಲರ್. ಕೇಸ್ ಗಾಡಿಗಳಲ್ಲೂ ಅದೇ ಕಾಣುತ್ತೆ. ಒಂದು ಕೆ ಸರಣಿ ಎಂಜಿನ್ ಕೈಯಾರೆ ಬಿಚ್ಚಿ ಜೋಡಿಸಿದರೆ ಆ ಕಾಲದ ಅರ್ಧ ಗಾಡಿಗಳು ನಿಮಗೆ ಗೊತ್ತಾದ ಹಾಗೆ. ಅದಕ್ಕೇ ಮೊದಲ ಗಾಡಿ ಅಂತ ಇದು ಕೆಟ್ಟ ಆಯ್ಕೆ ಏನಲ್ಲ.

ಎರಡುಚಕ್ರ
ಗ್ರೇವ್ಲಿ ಬಗ್ಗೆ ಯಾರೂ ಮಾತಾಡುತ್ತಿಲ್ಲ ಯಾಕೆ?

ತುಕ್ಕುರಾಯ
ಯಾಕೆಂದರೆ ನೀವು ಶುರು ಮಾಡಿದರೆ ನಿಲ್ಲಿಸಲ್ಲ.

ಎರಡುಚಕ್ರ
ಸ್ವಲ್ಪ ಹೇಳಿಬಿಡುತ್ತೇನೆ. ಬೆಂಜಮಿನ್ ಗ್ರೇವ್ಲಿ ಅಂತ ಒಬ್ಬ ಫೋಟೋಗ್ರಾಫರ್. ವೆಸ್ಟ್ ವರ್ಜೀನಿಯಾದ ಡನ್‌ಬಾರ್‌ನವನು. ತೋಟ ಉಳಲು ತಾನೇ ಒಂದು ಯಂತ್ರ ಕಟ್ಟಿಕೊಂಡ. ಅದೇ ಕಂಪನಿ ಆಯಿತು. ಎರಡು ಚಕ್ರ, ಹಿಂದೆ ನಡೆಯುವುದು. ಪೂರ್ತಿ ಗೇರ್, ಬೆಲ್ಟ್ ಇಲ್ಲವೇ ಇಲ್ಲ. ಕೂರುವ ಸೀಟು ಬೇಕಾದವರಿಗೆ ಅವರ ನಾಲ್ಕು ಚಕ್ರದ ಗಾಡಿಗಳೂ ಇವೆ, ಎಂಟು ಗೇರಿನವು. ನನ್ನ ಬಳಿ ಆರು ಇವೆ. ಮೂರು ಓಡುತ್ತವೆ.

ಕೆಂಪುಕುದುರೆ
ಇನ್ನು ಮೂರು "ನಿಲ್ಲಿಸುವಾಗ ಓಡುತ್ತಿದ್ದವು" ಅಲ್ವಾ?

ಮಸಿಕೈ
ತುಕ್ಕಿನ ಮಾತಿಗೆ ಬರೋಣ. ಮಡ್‌ಗಾರ್ಡ್, ಬ್ರಾಕೆಟ್ ಇಂಥವನ್ನು ಉಜ್ಜುತ್ತಾ ಕೂರಬೇಡಿ. ಪ್ಲಾಸ್ಟಿಕ್ ಡ್ರಮ್ಮಿನಲ್ಲಿ ನೀರು, ಅದಕ್ಕೆ ವಾಷಿಂಗ್ ಸೋಡಾ. ಬ್ಯಾಟರಿ ಚಾರ್ಜರಿನ ಮೈನಸ್ ತುಕ್ಕು ಹಿಡಿದ ಭಾಗಕ್ಕೆ, ಪ್ಲಸ್ ಒಂದು ಹಳೇ ಕಬ್ಬಿಣದ ತುಂಡಿಗೆ. ಎರಡೂ ಒಂದಕ್ಕೊಂದು ತಾಗಬಾರದು. ರಾತ್ರಿ ಇಟ್ಟರೆ ಬೆಳಗ್ಗೆ ತುಕ್ಕು ಕಪ್ಪು ಕೆಸರಾಗಿ ಒರೆಸಿದರೆ ಬರುತ್ತೆ. ಒಳ್ಳೆ ಲೋಹ ಒಂಚೂರೂ ಸವೆಯಲ್ಲ.

ಸುಮ್ನೆ_ಓದುವವ
ಪ್ಲಸ್‌ಗೆ ಸ್ಟೀಲ್ ತಟ್ಟೆ ಹಾಕಿದರೆ ಬಾಳಿಕೆ ಬರುತ್ತೆ ಅಂತ ಎಲ್ಲೋ ನೋಡಿದ್ದೆ. ಕಬ್ಬಿಣ ಬೇಗ ಕರಗಿಹೋಗುತ್ತಲ್ಲ.

ಮಸಿಕೈ
ಬೇಡ! ದಯವಿಟ್ಟು ಬೇಡ. ಸ್ಟೇನ್‌ಲೆಸ್ ಸ್ಟೀಲಿನಲ್ಲಿ ಕ್ರೋಮಿಯಂ ಇರುತ್ತೆ. ಅದು ನೀರಿಗೆ ಬಿಟ್ಟು ವಿಷದ ರೂಪ ತಾಳುತ್ತೆ. ಹೆಕ್ಸಾವೇಲೆಂಟ್ ಕ್ರೋಮಿಯಂ ಅಂತ, ಕ್ಯಾನ್ಸರ್ ತರುವ ವಸ್ತು. ಆ ನೀರನ್ನು ಎಲ್ಲಿ ಚೆಲ್ಲುತ್ತೀರಿ? ಕಬ್ಬಿಣ ಕರಗಲಿ ಬಿಡಿ, ಅದು ಇರುವುದೇ ಕರಗಲು. ಗಾಳಿ ಆಡುವ ಕಡೆ ಇಡಿ, ಹೈಡ್ರೋಜನ್ ಬರುತ್ತೆ. ಅಲ್ಯೂಮಿನಿಯಂ ಭಾಗ ಏನೂ ಹಾಕಬೇಡಿ, ಸೋಡಾ ಅದನ್ನು ತಿಂದುಬಿಡುತ್ತೆ. ಕಾರ್ಬೊರೇಟರ್ ಹಾಕಿದರೆ ಬೆಳಗ್ಗೆ ಅಳಬೇಕಾಗುತ್ತೆ.

ಪಾನಾಪೆಟ್ಟಿಗೆ
ತಾಳ್ಮೆ ಇದ್ದರೆ ಕಾಕಂಬಿ ಕೂಡ ಆಗುತ್ತೆ. ಒಂದು ಪಾಲು ಕಾಕಂಬಿ, ಒಂಬತ್ತು ಪಾಲು ನೀರು. ಎರಡು ಮೂರು ವಾರ ಬೇಕು. ಕರೆಂಟ್ ಬೇಡ, ಆದರೆ ವಾಸನೆ ಅಂದರೆ ವಾಸನೆ. ಮನೆಯವರು ಮಾತು ಬಿಟ್ಟರೆ ನನ್ನ ಹೊಣೆ ಅಲ್ಲ.

ತುಕ್ಕುರಾಯ
ಈಗ ಬಣ್ಣದ ವಿಷಯ. ನನ್ನ ಕಥೆಯನ್ನೇ ಹೇಳುತ್ತೇನೆ.

ನನ್ನ ಮೊದಲ ಗಾಡಿ ಓಡುತ್ತಿತ್ತು. ಹೌದು, ಓಡುತ್ತಿತ್ತು! ಸ್ವಲ್ಪ ಹೊಗೆ, ಸ್ವಲ್ಪ ಸದ್ದು, ಆದರೆ ಓಡುತ್ತಿತ್ತು. ನನಗೆ ಅದು ಪುಸ್ತಕದ ಚಿತ್ರದ ಹಾಗೆ ಕಾಣಬೇಕಿತ್ತು. ಒಂದು ವಾರದಲ್ಲಿ ಕೊನೇ ನಟ್ಟಿನ ತನಕ ಬಿಚ್ಚಿದೆ. ಬಿಚ್ಚುವುದು ಎಷ್ಟು ಖುಷಿ ಗೊತ್ತಾ? ಪ್ರತಿ ದಿನ ಏನೋ ಸಾಧಿಸಿದ ಹಾಗೆ. ಎಲ್ಲ ಭಾಗ ಡಬ್ಬಗಳಲ್ಲಿ ಹಾಕಿಟ್ಟೆ. ಡಬ್ಬದ ಮೇಲೆ "ಮುಂದಿನದು", "ಹಿಂದಿನದು", "ಇತರೆ" ಅಂತ ಬರೆದೆ. ಆರು ವರ್ಷ ಆ ಡಬ್ಬಗಳು ಹಾಗೇ ಇದ್ದವು. "ಇತರೆ" ಡಬ್ಬ ಎಲ್ಲಕ್ಕಿಂತ ದೊಡ್ಡದು. ನಡುವೆ ಒಂದು ಸಲ ಮನೆ ಬದಲಾಯಿತು, ಆಗ ಸ್ಟಾರ್ಟರ್ ಜನರೇಟರ್ ಎಲ್ಲಿ ಹೋಯಿತೋ ಇವತ್ತಿಗೂ ಗೊತ್ತಿಲ್ಲ. ಕೊನೆಗೆ ಡಬ್ಬಗಳ ಸಮೇತ ಇನ್ನೊಬ್ಬರಿಗೆ ಕೊಟ್ಟೆ. ಅವರು ನಾಲ್ಕು ತಿಂಗಳಲ್ಲಿ ಜೋಡಿಸಿ ಓಡಿಸಿದರು. ಬಣ್ಣ ಹೊಡೆಯಲಿಲ್ಲ. ತುಕ್ಕಿನ ಮೇಲೆ ಎಣ್ಣೆ ಒರೆಸಿದರು, ಅಷ್ಟೇ. ನೋಡಿ ಹೊಟ್ಟೆಗೆ ಬೆಂಕಿ ಬಿದ್ದ ಹಾಗಾಯಿತು.

ಅದಕ್ಕೇ ಹೇಳುವುದು: ಮೊದಲು ಎಂಜಿನ್ ಶುರುವಾಗಲಿ. ಆಮೇಲೆ ನಡೆಯಲಿ. ಆಮೇಲೆ ನಿಲ್ಲಲಿ, ಬ್ರೇಕ್ ಮರೆಯಬೇಡಿ. ಬಣ್ಣ ಅದಾದ ಮೇಲೆ. ಓಡುವ ಗಾಡಿ ಕಣ್ಣ ಮುಂದೆ ಇದ್ದರೆ ಉತ್ಸಾಹ ಇರುತ್ತೆ. ಡಬ್ಬ ನೋಡಿದರೆ ಯಾರಿಗೂ ಉತ್ಸಾಹ ಬರಲ್ಲ.

ಕೆಂಪುಕುದುರೆ
ಒಪ್ಪಲ್ಲ ಸಾರ್. ಓಡಲು ಶುರುವಾದರೆ ಮತ್ತೆ ಯಾರು ಬಿಚ್ಚುತ್ತಾರೆ? ನನ್ನದು ಎರಡು "ಮುಂದಿನ ವರ್ಷ ಬಣ್ಣ" ಅಂತಲೇ ಹತ್ತು ವರ್ಷ ಆಯಿತು. ಎಂಜಿನ್ ಹೊರಗೆ ಬಂದಿರುವಾಗಲೇ ಫ್ರೇಮ್ ತೊಳೆದು ಬಣ್ಣ ಹೊಡೆದರೆ ಒಂದೇ ಸಲಕ್ಕೆ ಮುಗಿಯುತ್ತೆ.

ಹಳದಿಬಿಳಿ
ಬಣ್ಣವೇ ಬೇಕಾ ಅಂತ ಮೊದಲು ಕೇಳಿ. ಕಾರ್ಖಾನೆಯ ಬಣ್ಣ ಒಂದೇ ಸಲ ಇರುವುದು. ಹೊಸ ಬಣ್ಣ ಯಾವಾಗ ಬೇಕಾದರೂ ಹೊಡೆಯಬಹುದು, ಹಳೇದನ್ನು ವಾಪಸ್ ತರಲಾಗಲ್ಲ. ಮೊದಲು ಸೋಪು ನೀರಿನಲ್ಲಿ ತೊಳೆದು ನೋಡಿ. ಗ್ರೀಸ್ ಕೆಳಗೆ ಎಷ್ಟೋ ಸಲ ಒಳ್ಳೆ ಹಳದಿ ಅಡಗಿರುತ್ತೆ. ಬ್ರೇಕ್ ಪೆಡಲ್ ಮೇಲೆ ಕಾಲಿಟ್ಟು ಇಟ್ಟು ಸವೆದ ಗುರುತು ಇರುತ್ತಲ್ಲ, ಅದನ್ನು ಉಜ್ಜಿ ತೆಗೆದರೆ ಆ ಗಾಡಿಯ ಐವತ್ತು ವರ್ಷ ಒರೆಸಿ ಹಾಕಿದ ಹಾಗೆ.

ಕೆಂಪುಕುದುರೆ
ತುಕ್ಕಿಗೂ ಒಂದು ಕವಿತೆ! ಆ ಕಾಲದವರು ಹೊಳೆಯುವ ಗಾಡಿ ಕೊಂಡಿದ್ದು, ತುಕ್ಕು ಕೊಂಡಿದ್ದಲ್ಲ.

ಮಸಿಕೈ
ಬಣ್ಣ ಹೊಡೆಯಿರಿ, ಬಿಡಿ. ಉಜ್ಜುವಾಗ ಮಾತ್ರ ಹುಷಾರು. ಅರವತ್ತರ ದಶಕದ ಬಣ್ಣದಲ್ಲಿ ಸೀಸ ಇರಬಹುದು. ಒಣಗಿಸಿ ಉಜ್ಜಿ ದೂಳು ಎಬ್ಬಿಸಬೇಡಿ. ಒದ್ದೆ ಮಾಡಿ ಉಜ್ಜಿ, ಒಳ್ಳೆ ಮಾಸ್ಕ್ ಹಾಕಿ. ಹಳೇ ಕ್ಲಚ್, ಬ್ರೇಕ್ ಲೈನಿಂಗಿನಲ್ಲಿ ಆಸ್ಬೆಸ್ಟಾಸ್ ಇರಬಹುದು. ಅದರ ದೂಳನ್ನು ಏರ್ ಹೊಡೆದು ಹಾರಿಸಬೇಡಿ. ಮತ್ತೆ ಕ್ಲೋರಿನ್ ಇರುವ ಬ್ರೇಕ್ ಕ್ಲೀನರ್ ಹೊಡೆದ ಜಾಗಕ್ಕೆ ವೆಲ್ಡಿಂಗ್ ಮಾಡಲೇಬೇಡಿ. ಬರುವ ಹೊಗೆ ಜೀವಕ್ಕೇ ಅಪಾಯ.

ಸುಮ್ನೆ_ಓದುವವ
ಬಣ್ಣ ಅಂದಾಗ ನೆನಪಾಯಿತು. ಜಾನ್ ಡೀರ್ ಹಸಿರು ಬಿಟ್ಟು ಬೇರೆ ಬಣ್ಣದಲ್ಲೂ ಬಂದಿತ್ತಂತೆ, ನಿಜಾನಾ?

ಪಾನಾಪೆಟ್ಟಿಗೆ
ನಿಜ. 1969ರಿಂದ 1971ರ ತನಕ. ಪ್ಯಾಟಿಯೋ ಸರಣಿ ಅಂತಾರೆ. ಮೈ ಬಿಳಿ, ಬಾನೆಟ್ ಮತ್ತು ಸೀಟು ಕೆಂಪು, ಹಳದಿ, ಕಿತ್ತಳೆ ಅಥವಾ ನೀಲಿ. 110, 112, 120, 140ರಲ್ಲಿ ಸಿಗುತ್ತಿತ್ತು. ಜನ ಹಸಿರೇ ಬೇಕು ಅಂದರು. ಈಗ ನೋಡಿ, ಆ ಬಣ್ಣದ್ದು ಸಿಕ್ಕರೆ ಸಂಗ್ರಹ ಮಾಡುವವರು ಮುಗಿಬೀಳುತ್ತಾರೆ.

ಹಳದಿಬಿಳಿ
ಎಷ್ಟೋ ಜನ ಆಮೇಲೆ ಅದರ ಮೇಲೆ ಹಸಿರು ಹೊಡೆಸಿದ್ದರು. ಉಜ್ಜುವಾಗ ಕೆಳಗಿನಿಂದ ನೀಲಿ ಇಣುಕುತ್ತೆ. ಅದಕ್ಕೇ ಹೇಳಿದ್ದು, ಉಜ್ಜುವ ಮೊದಲು ನೋಡಿ ಅಂತ.

ಹೊಸಬ_122
ಎಲ್ಲರಿಗೂ ಥ್ಯಾಂಕ್ಸ್. ಬಣ್ಣದ ಡಬ್ಬ ಅಟ್ಟಕ್ಕೆ ಹೋಯಿತು. ಇವತ್ತು ಹೆಡ್ ಬಿಚ್ಚಿದೆ. ಒಂದು ಬೋಲ್ಟ್ ಹೆದರಿಸಿತು, "ಟಿಕ್" ಅಂತ ಬಿಟ್ಟಿತು. ಒಳಗೆ ಇಲಿ ಇಲ್ಲ, ನೀರಿಲ್ಲ. ಒಂದು ವಾಲ್ವ್ ತೆರೆದೇ ಇದೆ, ಅಕ್ಕ ಹೇಳಿದ ಹಾಗೇ. ಸಿಲಿಂಡರಿನ ಒಂದು ಬದಿಯಲ್ಲಿ ಕಂದು ಪಟ್ಟೆ. ಪಿಸ್ಟನ್ ನಡುವಿನಲ್ಲಿ ಎಲ್ಲೋ ನಿಂತಿದೆ. ಎಟಿಎಫ್ ಹಾಕಿದ್ದೇನೆ.

ಇನ್ನೊಂದು ಪ್ರಶ್ನೆ. ಹಿಂದಿನ ಟೈರಿನಲ್ಲಿ ಗಾಳಿ ಇಲ್ಲ, ಆದರೂ ಒಬ್ಬನಿಂದ ಎತ್ತಲಾಗುತ್ತಿಲ್ಲ. ಅಲ್ಲಾಡಿಸಿದರೆ ಗುಳುಗುಳು ಅನ್ನುತ್ತೆ. ರಿಮ್ ವಾಲ್ವ್ ಸುತ್ತ ಪುಡಿಪುಡಿ.

ತುಕ್ಕುರಾಯ
ಕ್ಯಾಲ್ಸಿಯಂ ಕ್ಲೋರೈಡ್ ನೀರು. ಭಾರ ಬರಲಿ, ಚಕ್ರ ಜಾರದಿರಲಿ, ಚಳಿಗೆ ಹೆಪ್ಪುಗಟ್ಟದಿರಲಿ ಅಂತ ಟ್ಯೂಬಿನೊಳಗೆ ತುಂಬುತ್ತಿದ್ದರು. ಟ್ಯೂಬ್ ಸೋರಿದರೆ ರಿಮ್ಮನ್ನು ಒಳಗಿಂದ ತಿನ್ನುತ್ತೆ. ಖಾಲಿ ಮಾಡಿ, ಗಿಡದ ಬುಡಕ್ಕೆ ಚೆಲ್ಲಬೇಡಿ, ಒಣಗಿಹೋಗುತ್ತೆ. ರಿಮ್ಮನ್ನು ಚೆನ್ನಾಗಿ ತೊಳೆಯಿರಿ. ತೂತು ಸಣ್ಣದಿದ್ದರೆ ವೆಲ್ಡ್ ಮಾಡಿಸಬಹುದು, ಆದರೆ ಟೈರ್ ಪೂರ್ತಿ ಕಳಚಿದ ಮೇಲೆ ಮಾತ್ರ. ಟೈರ್ ಕೂತಿರುವಾಗ ರಿಮ್ಮಿಗೆ ಬೆಂಕಿ ತಾಗಿಸಿದರೆ ಸಿಡಿಯುತ್ತೆ, ತಮಾಷೆ ಅಲ್ಲ.

ಎರಡುಚಕ್ರ
ಭಾರಕ್ಕೆ ಎರಕದ ತೂಕದ ಬಿಲ್ಲೆಗಳು ಸಿಗುತ್ತವೆ, ಚಕ್ರಕ್ಕೆ ಬೋಲ್ಟ್ ಮಾಡುವವು. ಅದನ್ನು ಹುಡುಕಿ. ಗಾಡಿ ಜೊತೆ ನೇಗಿಲು, ಹಿಮ ತಳ್ಳುವ ಬ್ಲೇಡು, ಹುಲ್ಲು ಕತ್ತರಿಸುವ ಡೆಕ್ ಏನಾದರೂ ಬಂತಾ? ಬರದಿದ್ದರೆ ಮಾರಿದವರ ಕೊಟ್ಟಿಗೆ ಮೂಲೆಯಲ್ಲಿ ಏನಿದೆ ಅಂತ ಈಗಲೇ ಕೇಳಿ. ಆಮೇಲೆ ಬಿಡಿಯಾಗಿ ಹುಡುಕುವುದು ಗಾಡಿ ಹುಡುಕುವುದಕ್ಕಿಂತ ಕಷ್ಟ.

ಹೊಸಬ_122
ಡೆಕ್ ಬಂದಿದೆ. ಕೇಳಿ ನೋಡುತ್ತೇನೆ.

ಸುಮ್ನೆ_ಓದುವವ
ನಾನೂ ಒಂದು ತೆಗೆದುಕೊಳ್ಳೋಣ ಅಂತಿದ್ದೇನೆ. ಮೊದಲ ಗಾಡಿಗೆ ಏನು ನೋಡಬೇಕು? ಹಳೇದೆಲ್ಲ ಗಾರ್ಡನ್ ಟ್ರಾಕ್ಟರ್ ಅಂತಲೇ ಮಾರುತ್ತಾರೆ.

ಪಾನಾಪೆಟ್ಟಿಗೆ
ಹಿಂದಿನ ರಿಮ್ ನೋಡಿ. 12 ಇಂಚಿನ ರಿಮ್ಮು, ಐದು ಬೋಲ್ಟು, ಎರಕದ ಗೇರ್‌ಬಾಕ್ಸು, ದಪ್ಪ ಫ್ರೇಮು ಇದ್ದರೆ ನೇಗಿಲು ಎಳೆಯುವ ಜಾತಿ. ಸಣ್ಣ ಚಕ್ರ, ಮಡಿಸಿದ ತಗಡಿನ ಫ್ರೇಮು ಇದ್ದರೆ ಹುಲ್ಲು ಕತ್ತರಿಸುವ ಜಾತಿ. ಆಮೇಲೆ ಗಾಡಿ ಪೂರ್ತಿ ಇದೆಯಾ ನೋಡಿ. ಜಾಮ್ ಆದರೂ ಪರವಾಗಿಲ್ಲ, ಭಾಗ ಕಾಣೆ ಇರಬಾರದು. ಎಂಜಿನ್ ಭಾಗ ಸಿಗುತ್ತೆ, ಬಾನೆಟ್ಟಿನ ಗ್ರಿಲ್, ಡ್ಯಾಶ್, ಮಡ್‌ಗಾರ್ಡ್ ಹುಡುಕಿ ಹುಡುಕಿ ಸಾಕಾಗುತ್ತೆ. ಹೈಡ್ರೋಸ್ಟಾಟಿಕ್ ಗಾಡಿ ಆದರೆ ಓಡಿಸಿ ನೋಡದೆ ಕೊಳ್ಳಬೇಡಿ, ಅದರ ಪಂಪ್ ರಿಪೇರಿ ಹೊಸಬರ ಕೆಲಸ ಅಲ್ಲ. ಎರಡು ಸಿಲಿಂಡರಿನ ಓನನ್ ಎಂಜಿನ್ ಸೊಗಸಾಗಿ ಓಡುತ್ತೆ, ಆದರೆ ಭಾಗ ದುಬಾರಿ. ಮೊದಲ ಗಾಡಿಗೆ ಒಂದೇ ಸಿಲಿಂಡರ್ ಸಾಕು.

ಗೇರ್_ಅಕ್ಕ
ಯಾರಾದರೂ ಕಂಪ್ರೆಷನ್ ಗೇಜ್ (ಸಿಲಿಂಡರಿನ ಒತ್ತಡ ಅಳೆಯುವ ಮೀಟರ್) ಹಾಕಿ "ಸತ್ತಿದೆ" ಅಂದರೆ ನಂಬಬೇಡಿ. ಕೆ ಸರಣಿಯಲ್ಲಿ ಸ್ಟಾರ್ಟ್ ಮಾಡುವಾಗ ವಾಲ್ವ್ ಸ್ವಲ್ಪ ತೆರೆದಿಡುವ ಏರ್ಪಾಡು ಕ್ಯಾಮ್ ಶಾಫ್ಟಿನಲ್ಲೇ ಇದೆ. ಅದಕ್ಕೆ ಗೇಜ್ ಕಡಿಮೆಯೇ ತೋರಿಸುತ್ತೆ. ಗಾಳಿ ತುಂಬಿ ಎಲ್ಲಿ ಸೋರುತ್ತೆ ಅಂತ ನೋಡುವ ಲೀಕ್‌ಡೌನ್ ಪರೀಕ್ಷೆಯೇ ಸರಿ. ಈ ಕಾರಣಕ್ಕೆ ಎಷ್ಟು ಒಳ್ಳೆ ಎಂಜಿನ್ ಗುಜರಿಗೆ ಹೋಗಿವೆಯೋ.

ಹೊಸಬ_122
ಬಿಟ್ಟಿತು!!! ಐದನೇ ದಿನ. ಮರದ ತುಂಡು ಇಟ್ಟು ಮೆಲ್ಲಗೆ ತಟ್ಟಿ, ಪಾನಾ ಹಿಡಿದು ಆಡಿಸಿದೆ. ಮೊದಲು ಏನೂ ಇಲ್ಲ. ಆಮೇಲೆ ಅಕ್ಕಿ ಕಾಳಿನಷ್ಟು ಸರಿಯಿತು. ನಾನು ಕೂಗಿದ್ದು ಕೇಳಿ ಪಕ್ಕದ ಮನೆಯವರು ಬಂದರು. ಈಗ ಪೂರ್ತಿ ಸುತ್ತು ತಿರುಗುತ್ತಿದೆ.

ಮೇಲಿಂದ ಕೆಳಗೆ ಮೂರು ಸಲ ಅಳೆದೆ. 82.5 ಮಿ.ಮೀ.

ಗೇರ್_ಅಕ್ಕ
12 ಎಚ್‌ಪಿ! ಕೆ301. ನೋಡಿ, ತಗಡಿನ ಮೇಲಿನ ಲೇಬಲ್ಲೇ ಸುಳ್ಳು. ಬೋರ್ ಎಷ್ಟು?

ಹಳದಿಬಿಳಿ
ಹಾಗಾದರೆ ಬಾನೆಟ್ಟೂ ನಿಜ, ಎಂಜಿನ್ನೂ ನಿಜ. ಟೋಪಿ ಬಿದ್ದಿಲ್ಲ ನಿಮಗೆ 👏

ಹೊಸಬ_122
ಬೋರ್ ವಿಚಿತ್ರವಾಗಿದೆ. 85.7 ಬರಬೇಕಿತ್ತು ಅಲ್ವಾ? ಮೇಲಿನ ಅಂಚಿನಲ್ಲಿ ಹೆಚ್ಚುಕಮ್ಮಿ 86.5 ತೋರಿಸುತ್ತಿದೆ. ನನ್ನ ಕ್ಯಾಲಿಪರ್ ಸುಮಾರಿನದು.

ಗೇರ್_ಅಕ್ಕ
ಪಿಸ್ಟನ್ ತಲೆ ಮೇಲಿನ ಮಸಿ ಬಟ್ಟೆಯಲ್ಲಿ ಒರೆಸಿ. ಏನಾದರೂ ಅಂಕಿ ಒತ್ತಿದೆಯಾ ನೋಡಿ.

ಹೊಸಬ_122
030.

ತುಕ್ಕುರಾಯ
ಅಯ್ಯೋ. ಕೊನೇ ಸೈಜು.

ಹೊಸಬ_122
ಅಂದರೆ?

ಗೇರ್_ಅಕ್ಕ
ಇದಕ್ಕೆ 0.010, 0.020, 0.030 ಇಂಚು ದೊಡ್ಡ ಪಿಸ್ಟನ್ ಬರುತ್ತಿದ್ದವು. ನಿಮ್ಮದು ಆಗಲೇ 0.030ಕ್ಕೆ ಬೋರ್ ಆಗಿದೆ. ಮುಂದೆ ಬೋರ್ ಮಾಡುವ ದಾರಿ ಇಲ್ಲ, ಒಳಗೆ ಹೊಸ ಕೊಳವೆ, ಅಂದರೆ ಲೈನರ್ ಹಾಕಿಸಬೇಕು. ಹೆದರಬೇಡಿ. ಆ ಕಂದು ಪಟ್ಟೆ ಇದ್ದ ಕಡೆ ಸ್ವಚ್ಛ ಮಾಡಿ ಉಗುರು ಎಳೆದು ನೋಡಿ. ಉಗುರು ಸಿಕ್ಕಿಹಾಕಿಕೊಳ್ಳುತ್ತಾ?

ಹೊಸಬ_122
ಬಣ್ಣ ಮಾತ್ರ ಕಾಣುತ್ತೆ. ಉಗುರಿಗೆ ಏನೂ ಸಿಗುತ್ತಿಲ್ಲ.

ಗೇರ್_ಅಕ್ಕ
ಹಾಗಾದರೆ ಸಿಲಿಂಡರ್ ಗೋಡೆ ಹಗುರವಾಗಿ ಉಜ್ಜಿ ಹೋನ್ ಮಾಡಿ, 0.030 ರಿಂಗ್ ಹಾಕಿ, ವಾಲ್ವ್ ಗ್ರೈಂಡ್ ಮಾಡಿ. ಇನ್ನೂ ಎಷ್ಟೋ ವರ್ಷ ಓಡುತ್ತೆ. ಕೆಳಗಿನ ಪ್ಯಾನ್ ಬಿಚ್ಚಿದಾಗ ಒಳಗೆ ಬ್ಯಾಲೆನ್ಸ್ ಗೇರ್ ಇದೆಯಾ ನೋಡಿ. ಕೆಲವು ಎಂಜಿನ್ನಿನಲ್ಲಿ ಅಲುಗಾಟ ಕಮ್ಮಿ ಮಾಡಲು ಎರಡು ಇರುತ್ತವೆ. ಅವು ಮುರಿದರೆ ಬ್ಲಾಕನ್ನೇ ಒಡೆದುಕೊಂಡು ಹೊರಗೆ ಬರುತ್ತವೆ. ನಾನಂತೂ ತೆಗೆದುಬಿಡುತ್ತೇನೆ.

ತುಕ್ಕುರಾಯ
ನಾನು ಬಿಡುತ್ತೇನೆ. ಬೇರಿಂಗ್ ಚೆನ್ನಾಗಿದ್ದರೆ ಯಾಕೆ ತೆಗೆಯಬೇಕು? ತೆಗೆದರೆ ಸ್ಟೀರಿಂಗ್ ಹಿಡಿದ ಕೈ ಜುಮ್ ಅನ್ನುತ್ತೆ.

ಗೇರ್_ಅಕ್ಕ
ಬ್ಲಾಕ್ ಒಡೆದಾಗ ಎದೆ ಜುಮ್ ಅನ್ನುವುದಕ್ಕಿಂತ ವಾಸಿ ಅಲ್ವಾ?

ಪಾನಾಪೆಟ್ಟಿಗೆ
ಇದು ಇವರಿಬ್ಬರ ಹಳೇ ಜಗಳ, ಬಿಡಿ. ಜೋಡಿಸಿದ ಮೇಲೆ ಪಾಯಿಂಟ್ಸ್ (ಕಿಡಿ ಯಾವಾಗ ಬರಬೇಕು ಅಂತ ನಿರ್ಧರಿಸುವ ಸ್ವಿಚ್) ಗ್ಯಾಪ್ 0.020 ಇಂಚು. ಫ್ಲೈವೀಲ್ ಮೇಲೆ "ಎಸ್" ಗುರುತು ಬಂದಾಗ ಪಾಯಿಂಟ್ಸ್ ತೆರೆದುಕೊಳ್ಳಬೇಕು. ಟೆಸ್ಟ್ ಲೈಟ್ ಹಾಕಿ ನೋಡಿದರೆ ತಿಳಿಯುತ್ತೆ. ಎಣ್ಣೆ ಮಟ್ಟ ದಿನಾ ನೋಡಿ. ಇದರಲ್ಲಿ ಆಯಿಲ್ ಪಂಪ್ ಇಲ್ಲ, ಕನೆಕ್ಟಿಂಗ್ ರಾಡಿನ ಬಾಲ ಎಣ್ಣೆ ಎರಚುತ್ತೆ, ಅಷ್ಟೇ. ಕಡಿದಾದ ಇಳಿಜಾರಿನಲ್ಲಿ ಗಾಡಿ ನಿಲ್ಲಿಸಿ ಎಂಜಿನ್ ಓಡಿಸಬೇಡಿ. ನಾನು ಒಮ್ಮೆ ಎಣ್ಣೆ ನೋಡದೆ ಓಡಿಸಿ ರಾಡ್ ಮುರಿದುಕೊಂಡವನು. ತಪ್ಪು ನನ್ನದೇ.

ಹೊಸಬ_122
ರಿಂಗಿಗೆ ಹೇಳಿದ್ದೇನೆ. ಬಾನೆಟ್ ತೊಳೆದೆ. ಗ್ರೀಸ್ ಕೆಳಗೆ ಹಳದಿ ಚೆನ್ನಾಗೇ ಇದೆ, 122 ಅಂಕಿಯ ಒಂದು 2 ಮಾತ್ರ ಅರ್ಧ ಹೋಗಿದೆ. ಹಾಗೇ ಬಿಡುತ್ತೇನೆ.

ಕೆಂಪುಕುದುರೆ
ಇನ್ನೊಬ್ಬರನ್ನು ಕಳೆದುಕೊಂಡೆವು 😔

ಹೊಸಬ_122
ಬಕೆಟ್ ಕೂಡ ವಿಂಗಡಿಸಿದೆ. ಎಲ್ಲದಕ್ಕೂ ಜಾಗ ಸಿಕ್ಕಿತು. ಒಂದು ಮಾತ್ರ ಉಳಿದಿದೆ. 10 ಮಿ.ಮೀ. ಪಾನಾ ಸರಿಯಾಗಿ ಕೂರುತ್ತೆ, ಸಣ್ಣ ಬೋಲ್ಟು. ಗಾಡಿಯಲ್ಲಿ ಎಲ್ಲ ಇಂಚಿನದು ಅಂದಿರಿ. ಹಾಗಾದರೆ ಇದು ಎಲ್ಲಿಯದು? ಎರಡು ದಿನದಿಂದ ತಲೆ ತಿನ್ನುತ್ತಿದೆ.

ಹಳದಿಬಿಳಿ
ಹಿಂದಿನವರು ಯಾರೋ ಡ್ಯಾಶಿಗೆ ಹಾಕಿರಬೇಕು.

ಎರಡುಚಕ್ರ
ಸೀಟಿನ ಕೆಳಗೆ ನೋಡಿ. ಬ್ಯಾಟರಿ ಹಿಡಿಕೆ ಇರಬಹುದು.

ತುಕ್ಕುರಾಯ
ಆ ಬಕೆಟ್ಟಿನಲ್ಲಿ ಮೊದಲು ಏನಿತ್ತು?

ಹೊಸಬ_122
ಸೈಕಲ್ ರಿಪೇರಿ ಸಾಮಾನು.

ಓ.